ಸೊನ್ನೆ ತೋರಿಸಿದ ಗೋಡೆ

ಮಾನ್ಯ ವಿದ್ಯುತ್ ಸುರಕ್ಷತಾ ಅಧಿಕಾರಿಗಳೇ,

ನನ್ನ ಅಕ್ಕನ ಸಾವಿಗೆ ಅವಳೇ ಕಾರಣ ಎಂದು ತಮ್ಮ ಕಚೇರಿ ಬರೆದಿದೆ. ಲಾಂಡ್ರಿಯ ಇಸ್ತ್ರಿ ಕೋಣೆಯ ಕೇಬಲ್‌ನಲ್ಲಿ ಕರೆಂಟ್ ಸೊನ್ನೆಯಿತ್ತಂತೆ. ಹಾಗಾಗಿ ಬೆಂಕಿ ಹೊತ್ತಿದ್ದು ಇಸ್ತ್ರಿ ಮಾಡುವವಳ ಅಜಾಗರೂಕತೆಯಿಂದಂತೆ. ಆ ಸೊನ್ನೆ ಹುಟ್ಟಿದಾಗ ನಾನು ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುತ್ತಿದ್ದೆ.

ಬೆಂಕಿಗೆ ಕೆಲವು ದಿನ ಮೊದಲು, ಆ ಕೇಬಲ್ ಹಾದುಹೋಗುವ ಗೋಡೆ ಕಾಯುತ್ತಿದೆ ಎಂದು ಅಕ್ಕ ದೂರು ಕೊಟ್ಟಿದ್ದಳು. ತಮ್ಮ ಇನ್ಸ್‌ಪೆಕ್ಟರ್ ಬಂದರು. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನ ಬಾಯಿ ತೆರೆದು ದಪ್ಪ ಕೇಬಲ್ಲನ್ನು ಇಡಿಯಾಗಿ ಕಚ್ಚಿಸಿದರು.

“ಇದರಲ್ಲಿ ಕರೆಂಟೇ ಹರೀತಿಲ್ಲಮ್ಮ.”

“ಮತ್ತೆ ಇಸ್ತ್ರಿ ಪೆಟ್ಟಿಗೆ ಹೇಗೆ ಕಾಯ್ತಿದೆ ಸಾರ್, ನನ್ನ ಸಿಟ್ಟಿಗಾ?” ಎಂದಳು ಅಕ್ಕ.

“ಮೀಟರ್ ಸುಳ್ಳು ಹೇಳುತ್ತಾ? ಬಿಸಿಲಿಗೆ ಕಾದಿರುತ್ತೆ ಬಿಡಿ.”

ಅದು ಎರಡು ಕೋಣೆಗಳ ನಡುವಿನ ಗೋಡೆ. ಬಿಸಿಲು ಯಾವ ದಾರಿಯಿಂದ ಬಂತೆಂದು ವರದಿಯಲ್ಲಿಲ್ಲ.

ನಾನು ಪ್ರಶ್ನಿಸಿ ಬರೆದಾಗ ಬಂದದ್ದು ಮೀಟರಿನ ಗುಣಗಾನ. ಅದು ಟ್ರೂ ಆರ್‌ಎಂಎಸ್ ಮೀಟರಂತೆ, ಕರೆಂಟಿನ ಅಲೆ ಎಷ್ಟೇ ಸೊಟ್ಟಗಿದ್ದರೂ ಸರಿಯಾಗಿ ಅಳೆಯುತ್ತದಂತೆ, ತಪ್ಪಿದರೂ ನೂರಕ್ಕೆ ಎರಡು ಪಾಲು ಮಾತ್ರವಂತೆ. ಒಪ್ಪಿದೆ. ಆದರೆ ಅದರ ಕೈಪಿಡಿಯ ಮೊದಲ ಚಿತ್ರವೇ ಒಂದೇ ಒಂದು ತಂತಿಯನ್ನು ಕಚ್ಚಿದ ಬಾಯಿಯದು. ಕೇಬಲ್ಲಿನೊಳಗೆ ಕರೆಂಟ್ ಹೋಗುವ ತಂತಿ, ಮರಳುವ ತಂತಿ ಎರಡೂ ಇರುತ್ತವೆ; ಎರಡನ್ನೂ ಒಟ್ಟಿಗೆ ಹಿಡಿದರೆ ಅವುಗಳ ಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ಕೇಬಲ್ ಕರಗುತ್ತಿದ್ದರೂ ಮೀಟರಿಗೆ ಏನೂ ಕಾಣದು. ಇಷ್ಟು ನಿಖರವಾದ ಉಪಕರಣ ಕೊಂಡವರಿಗೆ ಆ ಚಿತ್ರ ನೋಡಲು ಪುರುಸೊತ್ತಾಗಲಿಲ್ಲವೇ?

ಈಗ ಯಾರ ಮನೆಗೆ ಹೋದರೂ ನನ್ನ ಕೈ ತಾನಾಗಿ ಗೋಡೆ ಮುಟ್ಟುತ್ತದೆ. ಅಮ್ಮ ನೋಡಿಯೂ ನೋಡದಂತಿರುತ್ತಾಳೆ. ಅಕ್ಕನ ಅಂಗೈ ಇಸ್ತ್ರಿ ಹಿಡಿದು ಹಿಡಿದು ದಡ್ಡುಗಟ್ಟಿತ್ತು. ಅಂಥ ಕೈಗೇ ಗೋಡೆ ಸುಡುತ್ತಿತ್ತೆಂದರೆ ಒಳಗೆ ಎಷ್ಟು ಕಾದಿತ್ತೋ ಎಂದು ನೆನೆದರೆ ನನಗೆ ಭಯವಾಗುತ್ತದೆ.

ಸುಟ್ಟ ಕೋಣೆಗೆ ಬೀಗ ಹಾಕಿ, ಇಸ್ತ್ರಿ ಮೇಜುಗಳನ್ನೆಲ್ಲ ಪಕ್ಕದ ಕೋಣೆಗೆ ಸರಿಸಿದ್ದಾರೆ. ಅಲ್ಲಿಯೂ ಅಂಥದೇ ಕೇಬಲ್. ಕೇಳಿದರೆ ಮಾಲೀಕರು ತಮ್ಮ ಕಚೇರಿಯ ವರದಿಯನ್ನೇ ತೋರಿಸುತ್ತಾರೆ. ಆದ್ದರಿಂದ ತಾವೇ ಬನ್ನಿ. ಇಸ್ತ್ರಿಗಳೆಲ್ಲ ಕಾಯುತ್ತಿರುವಾಗ, ಬೋರ್ಡ್ ಬಿಚ್ಚಿಸಿ, ಒಂದೇ ತಂತಿಗೆ ಮೀಟರ್ ಹಾಕಿಸಿ. ಬಂದ ಅಂಕಿಯನ್ನು ಬರೆಯಿರಿ, ಅಕ್ಕನ ಮೇಲೆ ಹೊರಿಸಿದ ಆ ಪದವನ್ನು ಹೊಡೆದುಹಾಕಿ.

ನಿನ್ನೆ ಅಕ್ಕನ ಜಾಗಕ್ಕೆ ಬಂದ ಹುಡುಗಿ ನನ್ನನ್ನು ಕರೆದು ಕೇಳಿದಳು: “ಅಕ್ಕಾ, ಈ ಗೋಡೆ ಯಾಕೆ ಬೆಚ್ಚಗಿದೆ?”

ಬಿಸಿಲಿಗೆ ಎಂದು ಹೇಳಲೇ?

ಇಂತಿ,
ಗೋಡೆಯ ಮೇಲಿಟ್ಟ ಕೈ ತೆಗೆಯಲಾರದ,
‘ಅಜಾಗರೂಕ’ಳ ತಂಗಿ