ಕೋತಿ ಗನ್ನಿನ ವಿಷಯವಾಗಿ

ಬೇಲಿಯಾಚೆಯ ಗಂಗರಾಜಣ್ಣನವರಿಗೆ,

ನಿನ್ನೆ ನೀವು ಕೋತಿ ಓಡಿಸಲು ಢಂ ಎಂದು ಬರೀ ಸದ್ದು ಮಾಡುವ ಆ ಪೈಪ್ ಗನ್ ಹೊಡೆದಾಗ ನಾನು ಹಿತ್ತಲಲ್ಲಿ ಹಾರೆ ನೆಟ್ಟುಕೊಂಡು ತೆಂಗಿನಕಾಯಿ ಸುಲಿಯುತ್ತಿದ್ದೆ. ಬೆಚ್ಚಿಬಿದ್ದೆ, ಕಾಯಿ ಜಾರಿತು, ಹಾರೆಯ ಮೊನೆ ಬಲಗೈಗೆ ನುಗ್ಗಿತು. ಹೊಲಿಗೆ ಹಾಕಿದ್ದಾರೆ. ಅದಕ್ಕೇ ಇದನ್ನು ಮಗಳು ನಯನ ಬರೆಯುತ್ತಿದ್ದಾಳೆ. ಮಾತೆಲ್ಲ ನನ್ನದೇ.

ಇದ್ದಕ್ಕಿದ್ದಂತೆ ಸದ್ದಾದರೆ ಚಿಕ್ಕಂದಿನಿಂದಲೂ ನನಗೆ ಎದೆ ಧಸಕ್ಕೆನ್ನುತ್ತದೆ. ಅದು ನಿಮಗೂ ಗೊತ್ತು. ಆದರೂ ಇವತ್ತು ಕೈಗೆ ಕಟ್ಟು ಕಟ್ಟಿಕೊಂಡು ಕೇಳಲು ಬಂದರೆ, "ಕೋತಿಗಿಂತ ಮೊದ್ಲು ನೀನೇ ಹಾರ್ತೀಯಲ್ಲಮ್ಮ" ಎಂದು ನಕ್ಕಿರಿ. ನಿಮ್ಮ ಆಳುಗಳೂ ನಕ್ಕರು.

ಗನ್ ಹೊಡೆಯಬೇಡಿ ಎಂದು ನಾನು ಹೇಳಲೇ ಇಲ್ಲ. ನಿಮ್ಮ ತೋಟದಲ್ಲಿ ಗೊನೆ ಕೆಡವುವ ಮೊದಲು "ಕಾಯಿ ಬತ್ತದೆ, ದೂರ ಹೋಗ್ರಪ್ಪೋ" ಎಂದು ಮರದ ಮೇಲಿಂದ ಕೂಗುತ್ತಾರೆ. ಆ ಗೊನೆ ಬಿದ್ದ ಸದ್ದಿಗೆ ನಾನು ಒಂದು ದಿನವೂ ಬೆಚ್ಚಿಲ್ಲ. ಗನ್ ಹೊಡೆಯುವ ಮೊದಲೂ ಹಾಗೇ ಒಂದು ಸಲ ಕೂಗಿ, ಅಷ್ಟೇ ಸಾಕು ಎಂದೆ.

"ಕೂಗಿದ್ರೆ ಕೋತಿಗಳೆಲ್ಲ ಓಡೋಗ್ತವೆ ಕಣಮ್ಮ" ಎಂದಿರಿ.

ಅವು ಓಡಿಹೋಗಲಿ ಎಂದೇ ಅಲ್ಲವೇ ಗಂಗರಾಜಣ್ಣ, ನೀವು ಗನ್ ಹೊಡೆಯುವುದು?

ಬೇಲಿಯ ಈಚೆಯಿಂದ,
ಪುಟ್ಟಲಕ್ಷ್ಮಿ
ಕಂದಿಕೆರೆ