ಈ ಸಲ ಬುಗುರಿಯನ್ನು ಸುಸ್ತು ಮಾಡಬೇಡ

ಅಕ್ಕಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ನಾನು ಕೆಲಸದ ಸಂದರ್ಶನಕ್ಕೆ ಹೊರಟೆ. ಹತ್ತು ಗಂಟೆಗೆ ಆ ಕಾಲುವೆ ಕಾಯುವವರು ನಮ್ಮ ನಾಯಿ ಬುಗುರಿಯನ್ನು ನೋಡಲು ಬರುತ್ತಾರೆ, ಹಿಡಿಸಿದರೆ ಸಾಕಿಕೊಳ್ಳುತ್ತಾರೆ.

ಇವತ್ತು ಅವನನ್ನು ಮೈದಾನದಲ್ಲಿ ಓಡಿಸಬೇಡ. ಹಿಂದಿನ ಎರಡು ಸಲವೂ ನಾವು ಹಾಗೆ ಮಾಡಿಯೇ ಕೆಟ್ಟೆವು. ಬಂದವರೆದುರು ಸುಸ್ತಾಗಿ ಮಲಗಿದ್ದ, "ಎಷ್ಟು ಸಾಧು ನಾಯಿ!" ಅಂತ ಕರೆದುಕೊಂಡು ಹೋದರು. ಮೂರೇ ದಿನಕ್ಕೆ ವಾಪಸು ತಂದುಬಿಟ್ಟರು. ಚರಂಡಿಯಿಂದ ಎತ್ತಿ ತಂದ ದಿನವೂ ಬಾಲ ಆಡಿಸಿದವನು, ಎರಡನೇ ಸಲ ವಾಪಸು ಬಂದಾಗ ಇಡೀ ದಿನ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ನೀನೂ ನೋಡಿದೆ.

ಹೊಲಿಯೋ ಬಟ್ಟೆಗಳನ್ನು ಮೇಲೆತ್ತಿಡು. ನಿನ್ನ ಎಡಗಾಲಿನ ಚಪ್ಪಲಿ ಏನಾಯಿತು ಅಂತ ಅವರಿಗೆ ಮುಚ್ಚಿಡದೆ ಹೇಳು. "ಈ ಪೀಡೆ ತೊಲಗಿದರೆ ಸಾಕು" ಅಂತ ಮಾತ್ರ ಅನ್ನಬೇಡ. ಹಾಲಿನ ಕೆನೆ ದಿನಾ ಯಾರ ಹೊಟ್ಟೆ ಸೇರುತ್ತಿದೆ ಅನ್ನೋದು ನನಗೆ ಗೊತ್ತು.

ಅವರು ದಿನಾ ದಂಡೆಯ ಮೇಲೆ ಹನ್ನೆರಡು ಮೈಲಿ ಒಬ್ಬರೇ ನಡೆಯುತ್ತಾರಂತೆ. "ನಿಂತಲ್ಲಿ ನಿಲ್ಲದ ನಾಯಿಯೇ ಬೇಕಪ್ಪಾ" ಅಂದರು. ಇಷ್ಟು ದಿನ ನಾವು ಮುಚ್ಚಿಟ್ಟದ್ದನ್ನೇ ಅವರು ಕೇಳುತ್ತಿದ್ದಾರೆ.

ಬುಗುರಿ ಅವರ ಮೈಮೇಲೆ ಹಾರಿದರೆ ಹಿಡಿದೆಳೆಯಬೇಡ. ಅವರು ಹಿಂದೆ ಸರಿದರೆ ಚಹಾ ಕೊಟ್ಟು ಕಳಿಸು. ನಕ್ಕರೆ ಹಗ್ಗ ಅವರ ಕೈಗೆ ಕೊಡು, ನಾನು ಬರಲೆಂದು ಕಾಯಬೇಡ.

ಅವನ ತಟ್ಟೆಯನ್ನೂ ಜೊತೆಗೆ ಕಳಿಸಿಬಿಡು. ಎರಡು ಸಲವೂ ಅದನ್ನು ನಾವು ಇಲ್ಲೇ ಉಳಿಸಿಕೊಂಡಿದ್ದೆವು.

ನಿನ್ನ ತಮ್ಮ