ಫರಸಿಯ ಮೇಲೆ ಒಂಬತ್ತು ದಿನ

ಗೊಳಸಂಗಿಯ ಹುಸೇನಸಾಬ ಕಾಕಾ ಅವರಿಗೆ, ನಿಮ್ಮ ಬಾಯಿಬಡಕ ಶಿವಪ್ಪ ಮುದ್ದೇಬಿಹಾಳದಿಂದ ಮಾಡುವ ನಮಸ್ಕಾರ.

ಮೊದಲ ಸಲ ನಿಮ್ಮ ಬಡಿಗತನದ ಚಪ್ಪರಕ್ಕೆ ಬಂದದ್ದು ಬಾಗಿಲ ಚೌಕಟ್ಟು ಮಾಡಿಸಲು. ಜಾಲಿಯ ಟೊಂಗೆಯ ಮೇಲೆ ಎಲೆ ಎಂದುಕೊಂಡದ್ದು ಕಣ್ಣು ತಿರುಗಿಸಿತು. ನಾನು ಹೌಹಾರಿ ಹಿಂದೆ ಜಿಗಿದೆ. ಗೋಸುಂಬೆ ಕಂಡರೆ ಕಲ್ಲೆತ್ತುವವರೇ ಹೆಚ್ಚಿರುವ ಸೀಮೆಯಲ್ಲಿ, ಕಡಿದ ಜಾಲಿಮರದ ಜೊತೆ ಬಂದ ಅವನ್ನು ನೀವೊಬ್ಬರೇ ಸಾಕುತ್ತಿದ್ದಿರಿ. "ಯಾಕೋ ಹೆದರ್ತಿ? ಒಂದು ಕಣ್ಣು ಮಾಲಿನ ಮ್ಯಾಲ, ಒಂದು ಕಣ್ಣು ಗಿರಾಕಿ ಮ್ಯಾಲ. ನಿನ್ನ ಖಾಸಾ ತಮ್ಮ ಐತಿ ಇದು," ಅಂದಿರಿ. ಚೀಲ ಹೊತ್ತು ಹೊತ್ತು ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವ ಮಟ್ಟಕ್ಕೆ ಬಂದವನನ್ನು ಅಷ್ಟು ಬೇಗ ಇನ್ನಾರೂ ಅಳೆದಿರಲಿಲ್ಲ.

ನಿಮ್ಮ ಕೆಮ್ಮು ಹೆಚ್ಚಾದ ವರ್ಷ ಗಂಡು ಹೆಣ್ಣು ಎರಡನ್ನೂ ಬಿದಿರ ಬುಟ್ಟಿಯಲ್ಲಿಟ್ಟು ನನಗೆ ಒಪ್ಪಿಸಿದಿರಿ. ಇಂಥವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಬಟ್ಟಲಿನ ನೀರು ಇವು ಕುಡಿಯುವುದಿಲ್ಲ, ಎಲೆಯ ಮೇಲೆ ಹನಿ ಚಿಮುಕಿಸು ಅಂದಿರಿ. ಮಿಡತೆ ಜೀವಂತ ಇರಬೇಕು ಅಂದಿರಿ. ಕೊನೆಗೆ, ಉಸಿರು ಸಾಲದೆ ಗೋಡೆ ಹಿಡಿದು ನಿಂತು, "ಗಿಡದ ಬುಡಕ್ಕ ಮಣ್ಣು ಬಿಡು, ಶಿವಪ್ಪ. ಮರೀಬ್ಯಾಡ. ನನ್ನ ಚಪ್ಪರದಾಗ ಮರಿ ಆಗಲಿಲ್ಲ. ನಿನ್ನ ಮನ್ಯಾಗರ ನೋಡ್ತೇನಿ." ಆ 'ನೋಡ್ತೇನಿ'ಯನ್ನು ನಾನು ಮರೆತಿಲ್ಲ. ಮಣ್ಣನ್ನು ಮಾತ್ರ...

ಹಿತ್ತಲ ಬಾರಿಹಣ್ಣಿನ ಗಿಡದ ಸುತ್ತ ತಂತಿ ಜಾಳಿಗೆ ಕಟ್ಟಿಸಿದ ದಿನ ಬುಡದಲ್ಲಿ ಇರುವೆ ಸಾಲು ಕಂಡಿತು. ಇರುವೆ ಕಚ್ಚಿ ಸತ್ತರೆ ಕಾಕಾಗೆ ಏನು ಹೇಳಲಿ? ಉಳಿದಿದ್ದ ಫರಸಿ ಕಲ್ಲು ಹಾಸಿ, ಸಂದಿಗೆ ಸಿಮೆಂಟು ಬಳಿಸಿದೆ. ಮಣ್ಣು ಬಿಡು ಎಂದದ್ದು ಫರಸಿ ಹಾಸಲಾಗದ ಬಡಿಗನ ಮಾತು ಎಂದು ಒಳಗೊಳಗೇ ನಕ್ಕಿದ್ದೆನೇ? ನಕ್ಕಿದ್ದೆ. ನನ್ನ ಹೆಂಡತಿ ಗುರವ್ವ ಓಣಿಗೆಲ್ಲ ಕೇಳುವಂತೆ ಅಂದಳು: "ನನ್ನ ಅಡಗಿಮನಿ ಇನ್ನೂ ಮಣ್ಣಿಂದೇ ಐತಿ. ಇವರ ಗೋಸುಂಬಿಗೆ ಫರಸಿ!"

ದೀಪಾವಳಿ ಮುಗಿದ ಮೇಲೆ ಹೆಣ್ಣಿನ ಹೊಟ್ಟೆ ಉಬ್ಬಿತು. ಆಮೇಲೊಂದು ಬೆಳಿಗ್ಗೆ ಗಿಡ ಇಳಿದು ಫರಸಿಯ ಮೇಲೆ ಕಾಲು ಕೆರೆಯತೊಡಗಿತು. ಓಡಿಹೋಗಲು ನೋಡುತ್ತಿದೆ ಎಂದುಕೊಂಡು ಎತ್ತಿ ಟೊಂಗೆಗೆ ಬಿಟ್ಟೆ. ಮತ್ತೆ ಇಳಿಯಿತು. ನನ್ನ ಚಟ ನಿಮಗೆ ಗೊತ್ತಲ್ಲ, ಕಿಸೆಪುಸ್ತಕದಲ್ಲಿ ಬರೆದಿಟ್ಟೆ: ಇವತ್ತು ನಾಲ್ಕು ಸಲ, ಇವತ್ತು ಏಳು ಸಲ. ಅದು ಯಾಕೆ ಇಳಿಯುತ್ತಿದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಗುರವ್ವ ಮಾತ್ರ ಒಮ್ಮೆ ನಿಂತು ನೋಡಿ, "ಬಸುರಿ ಹಂಗ ತಿರಗ್ಯಾಡಾಕತ್ತೈತ್ರಿ," ಅಂದಳು. "ನಿನಗೇನು ತಿಳೀತದ, ಸುಮ್ಮನಿರು," ಅಂದೆ. ಒಂಬತ್ತನೆಯ ದಿನ ಫರಸಿಯ ಮೂಲೆಯಲ್ಲಿ ಕಪ್ಪಾಗಿ ಸತ್ತು ಬಿದ್ದಿತ್ತು. ಬ್ಲೇಡಿನಿಂದ ಹೊಟ್ಟೆ ಸೀಳಿ ನೋಡಿದೆ. ಒಳಗೆ ಒತ್ತಾಗಿ ಬಿಳಿ ಮೊಟ್ಟೆಗಳು. ಎಣಿಸಿದೆ. ಇಪ್ಪತ್ತಮೂರು. ನೆಲ ಅಗೆದು ಗುಣಿಯಲ್ಲಿ ಇಡುವ ಜೀವಕ್ಕೆ ನಾನು ನೆಲವನ್ನೇ ಮುಚ್ಚಿದ್ದೆ.

ಆ ವಾರವೇ ನಿಮ್ಮ ಹೊರಸಿನ ಪಕ್ಕ ಕೂತಿದ್ದೆ. ಕಣ್ಣು ತೆರೆದವರೇ ಕೇಳಿದಿರಿ: "ಆಕಿ ಗಿಡ ಇಳದಳೇನೋ?"

"ಇಳದಾಳ್ರಿ ಕಾಕಾ."

"ಎಷ್ಟಿಟ್ಟಳು?"

"ಇಪ್ಪತ್ತಮೂರು."

ನೀವು ನಕ್ಕಿರಿ. ನಿಮ್ಮ ಹೆಂಡತಿ, ನಮ್ಮ ಕಾಕುವನ್ನು ಕರೆದು, "ಕೇಳಿದ್ಯಾ? ಇಂವ ಮಾತು ಸುಳ್ಳು ಆಡಿದರೂ ಲೆಕ್ಕ ಸುಳ್ಳು ಹೇಳಂಗಿಲ್ಲ. ಮಳಿಗಾಲಕ್ಕ ಮರಿ ಒಡೀತಾವ. ನಾ ಇರಲಿ ಬಿಡಲಿ, ನೀ ಹೋಗಿ ನೋಡಿ ಬಾ," ಅಂದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತಲ್ಲವೇ? ದಿನವಿಡೀ ಕೂಗಿ ಬದುಕುವ ಬಾಯಿ ಅದು.

ಎಸ್‌ಟಿಡಿ ಬೂತಿನವ ಕರೆದು, ನೀವು ಹೋದಿರಿ ಎಂದು ಹೇಳಿದ ಮೇಲೆ ಓಡಿಬಂದೆ. ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ, ಕಾಕಾ. ಮೂರನೆಯ ಹಿಡಿ ಕೈಯಿಂದ ಬೇಗ ಬೀಳಲೊಲ್ಲದಾಯಿತು.

ನಿಮಗೆ ಗೊತ್ತಿಲ್ಲದ ಸುದ್ದಿ ಮುಂದಿನದು. ಮೊದಲ ಮಳೆ ಬಿದ್ದ ವಾರ ಕಾಕು ಒಬ್ಬರೇ ಬಸ್ಸು ಹಿಡಿದು ಬಂದರು. "ಅವರು ಹೇಳಿ ಹೋಗ್ಯಾರ. ಮರಿ ತೋರಸಪಾ," ಅಂದರು. ಹಿತ್ತಲಿಗೆ ಕರೆದೊಯ್ದೆ. ಫರಸಿ ತೋರಿಸಿದೆ. ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಗುರವ್ವ ತಂದ ಚಹಾ ಆರಿ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ, ಮೆಟ್ಟಿಲ ಮೇಲೆ ಕಾಲಿಟ್ಟಾಗ, ಒಂದೇ ಮಾತು ಕೇಳಿದರು: "ಎಷ್ಟು ದಿನ ಕೆರೀತು?"

"ಒಂಬತ್ತು," ಅಂದೆ.

ಅವರು ಹತ್ತಿ ಕೂತರು. ಕಿಡಕಿಯತ್ತ ತಿರುಗಲಿಲ್ಲ.

ಉಳಿದ ಗಂಡು ಗೋಸುಂಬೆಯನ್ನು ನಿಮ್ಮೂರ ಹಳ್ಳದ ಜಾಲಿಗಳಲ್ಲಿ ಬಿಟ್ಟು ಬಂದೆ. ಮನೆಗೆ ಬಂದು ಫರಸಿ ಕಿತ್ತೆ. ಕಲ್ಲನ್ನು ಬಿಸಿಲಿಗೆ ಹಿಡಿದು, ಹೊರಳಿಸಿ, ಬೆರಳಾಡಿಸಿ ಹುಡುಕಿದೆ. ಒಂಬತ್ತು ದಿನ ಕೆರೆದದ್ದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಗಿಡದ ಬುಡಕ್ಕೆ ಮಣ್ಣು ಬಿಟ್ಟಿದ್ದೇನೆ, ಕಾಕಾ. ಇಳಿಯುವವರು ಯಾರೂ ಇಲ್ಲ.

ನಿಮ್ಮ
ಶಿವಪ್ಪ